ಬೆಸುಗೆಯ ಮೂರನೆಯ ಲೋಹ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಜೊತೆ ಬುಗುಡಿಯಿದೆ. ಕಿವಿಯ ಮೇಲಂಚಿನಲ್ಲಿ ತೊಡುವ ಈ ಒಡವೆಯನ್ನು ನಮ್ಮ ಹೆಣ್ಣುಮಕ್ಕಳು ಈಗ ತೊಡುವುದಿಲ್ಲ. ವರ್ಗಾವಣೆಗಳ ಜೊತೆಗೆ ಅದೂ ಊರಿಂದೂರಿಗೆ ಸಾಗಿ, ಕೊನೆಗೆ ದೆಹಲಿಯ ಸರ್ಕಾರಿ ವಸತಿಗೃಹದ ಕಪಾಟಿನಲ್ಲಿ ನೆಲೆಸಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಅದರ ಗೊಂಚಲಿನಿಂದ ಸಾಸಿವೆ ಕಾಳಿನಷ್ಟು ಚಿಕ್ಕದಾದ ಒಂದು ಚಿನ್ನದ ಗುಂಡು ಕಳಚಿಕೊಂಡಿತು. ಅದನ್ನು ಕಾಗದದಲ್ಲಿ ಮಡಿಚಿಕೊಂಡು ಕರೋಲ್ ಬಾಗಿನ ಓಣಿಯೊಂದಕ್ಕೆ ಹೋದೆವು. ಎರಡನೆಯ ಮಹಡಿಯ ಕಿರುಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ವೃದ್ಧ ಬಂಗಾಳಿ ಅಕ್ಕಸಾಲಿಗರು ಬುಗುಡಿಯನ್ನು ಮಸೂರದಡಿ ತಿರುಗಿಸಿ ನೋಡಿ ಕೇಳಿದರು: ಹಳೆಯ ಟಾಂಕಾ ಬೇಕೋ, ಕೆಡಿಎಂ ಬೇಕೋ? ವ್ಯತ್ಯಾಸವೇನೆಂದು ವಿಚಾರಿಸಿದೆವು. ಹಳೆಯದರಲ್ಲಿ ಚಿನ್ನ ಕಡಿಮೆ, ಕೆಡಿಎಂನಲ್ಲಿ ಆಯುಷ್ಯ ಕಡಿಮೆ ಎಂದರು. ಯಾರ ಆಯುಷ್ಯ ಎಂದು ನಾವು ಕೇಳಲಿಲ್ಲ. ಒಡವೆಯದಿರಬೇಕು ಎಂದುಕೊಂಡೆವು.

ನಾವು ಲೋಹಶಾಸ್ತ್ರ ಓದಿದವರಲ್ಲ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಮಾಡುತ್ತಿರುವುದು ಕಡತಗಳ ಕೆಲಸ. ಆದರೆ ಶಬ್ದಗಳ ಮೇಲಿನ ಮೋಹ ನಮ್ಮನ್ನು ಎಲ್ಲೆಲ್ಲಿಗೋ ಎಳೆದೊಯ್ಯುತ್ತದೆ. ಹಿಂದಿಯಲ್ಲಿ ಟಾಂಕಾ ಎಂದರೆ ಬಟ್ಟೆಗೆ ಹಾಕುವ ಹೊಲಿಗೆಯೂ ಹೌದು, ಲೋಹಕ್ಕೆ ಹಾಕುವ ಬೆಸುಗೆಯೂ ಹೌದು. ಕನ್ನಡ ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮ. ಬಟ್ಟೆಯನ್ನು ನಾವು ಹೊಲಿಯುತ್ತೇವೆ, ಲೋಹವನ್ನೂ ಸಂಬಂಧವನ್ನೂ ಬೆಸೆಯುತ್ತೇವೆ. ಹೊಲಿಗೆಯಲ್ಲಿ ದಾರ ಕಾಣುತ್ತದೆ. ಒಳ್ಳೆಯ ಬೆಸುಗೆಯಲ್ಲಿ ಕೂಡಿಸಿದ ವಸ್ತು ಕಾಣಿಸದು. ಹಾಗಾದರೆ ಅದು ಎಲ್ಲಿಗೆ ಹೋಯಿತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿದ್ದು ಪ್ರಾಚೀನ ಇಟಲಿಯ ಸಮಾಧಿಗಳಿಂದ ಅಮೆರಿಕದ ಬಾಹ್ಯಾಕಾಶ ನೌಕೆಗಳವರೆಗೆ ಹಬ್ಬಿತು. ಎರಡೂ ತುದಿಗಳಲ್ಲಿ ಒಂದೇ ಲೋಹ, ಒಂದೇ ಉಪಾಯ ನಮಗೆ ಎದುರಾದವು. ಅದರ ಕಥೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇವೆ.

ಮೊದಲು ತೊಡಕನ್ನು ತಿಳಿಯೋಣ. ಲೋಹದ ಎರಡು ತುಂಡುಗಳನ್ನು ಒಂದಾಗಿಸಲು ಸ್ಥೂಲವಾಗಿ ಮೂರು ದಾರಿಗಳಿವೆ. ಮೊದಲನೆಯದು, ಎರಡರ ಅಂಚುಗಳನ್ನೂ ಕರಗಿಸಿ ಒಂದಕ್ಕೊಂದು ಹರಿಯಬಿಡುವುದು. ಎರಡನೆಯದು, ಕರಗಿಸದೆ ಕೆಂಪಗೆ ಕಾಯಿಸಿ ಬಡಿದು ಕೂಡಿಸುವುದು. ದೆಹಲಿಯಲ್ಲಿರುವ ನಮಗೆ ಇದರ ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಮೆಹ್ರೌಲಿಯ ಕಬ್ಬಿಣದ ಸ್ತಂಭ ಎರಕ ಹೊಯ್ದದ್ದಲ್ಲ. ಕಬ್ಬಿಣದ ಗಡ್ಡೆಗಳನ್ನು ಒಂದರ ಮೇಲೊಂದರಂತೆ ಕಾಯಿಸಿ ಬಡಿದು ಬೆಸೆದು ಅದನ್ನು ಕಟ್ಟಿದ್ದಾರೆ. 7 ಮೀಟರ್ ಉದ್ದ, 6 ಟನ್ನಿನಷ್ಟು ತೂಕ, ಸಾವಿರದ ಆರುನೂರು ವರ್ಷಗಳ ಆಯುಷ್ಯ. ಆದರೆ ಸಾಸಿವೆ ಕಾಳಿನಂಥ ಚಿನ್ನದ ಗುಂಡನ್ನು ಬಡಿಯಲಾಗದು; ಕರಗಿಸಿದರೆ ಗುಂಡೇ ಉಳಿಯದು. ಅಲ್ಲಿ ಮೂರನೆಯ ದಾರಿಯೊಂದೇ ಗತಿ: ಎರಡಕ್ಕಿಂತಲೂ ಬೇಗ ಕರಗುವ ಮೂರನೆಯ ಲೋಹವೊಂದನ್ನು ನಡುವೆ ಕರೆತರುವುದು. ಅಕ್ಕಸಾಲಿಗರ ಬೆಸುಗೆಪುಡಿ ಅಂಥದ್ದು. ಅದರ ಬೆಲೆಯನ್ನೂ ತೆರಬೇಕು. ಬೇಗ ಕರಗಬೇಕಾದರೆ ಚಿನ್ನಕ್ಕೆ ತಾಮ್ರ, ಬೆಳ್ಳಿ ಮುಂತಾದವನ್ನು ಹೆಚ್ಚು ಬೆರೆಸಬೇಕು; ಬೆರೆಸಿದಷ್ಟೂ ಒಡವೆಯ ಒಟ್ಟು ಅಪ್ಪಟತೆ ಕುಗ್ಗುತ್ತದೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ನಮ್ಮ ಗಾದೆಯ ಹಿಂದೆ ಕಳ್ಳತನದ ಗುಮಾನಿಯಿರುವಂತೆ ಈ ಬೆಸುಗೆಯ ಅನಿವಾರ್ಯತೆಯೂ ಸ್ವಲ್ಪ ಇದ್ದೀತು ಎಂದು ಈಗ ಅನ್ನಿಸುತ್ತದೆ.

ಈ ಅನಿವಾರ್ಯತೆಯನ್ನು ಮೀರಿದವರು ಒಮ್ಮೆ ಇದ್ದರು. 1836ರಲ್ಲಿ ರೋಮಿನ ವಾಯವ್ಯಕ್ಕಿರುವ ಚೆರ್ವೆತೆರಿ ಎಂಬಲ್ಲಿ ಒಂದು ಎಟ್ರಸ್ಕನ್ ಸಮಾಧಿಯನ್ನು ತೆರೆದರು. ಇಬ್ಬರು ಶೋಧಕರ ಹೆಸರು ಸೇರಿ ಅದಕ್ಕೆ ರೆಗೊಲಿನಿ-ಗಲಾಸ್ಸಿ ಸಮಾಧಿ ಎಂಬ ಹೆಸರಾಯಿತು. ಕ್ರಿಸ್ತಪೂರ್ವ ಏಳನೆಯ ಶತಮಾನದ ಆ ಸಮಾಧಿಯಲ್ಲಿ ದೊರೆತ ಚಿನ್ನದ ಒಡವೆಗಳು ಇಂದು ವ್ಯಾಟಿಕನ್ ಸಂಗ್ರಹಾಲಯದಲ್ಲಿವೆ. ಎಟ್ರಸ್ಕನ್ನರ ಇಂಥ ಒಡವೆಗಳ ಮೈಮೇಲೆ ಚಿನ್ನದ ಹರಳುಗಳನ್ನು ರಂಗೋಲಿಯ ಚುಕ್ಕಿಗಳಂತೆ ಸಾಲುಗೂಡಿಸಿರುತ್ತಾರೆ. ಅತಿ ಸೂಕ್ಷ್ಮ ಕೆಲಸದಲ್ಲಿ ಒಂದು ಹರಳಿನ ಅಡ್ಡಳತೆ ಮಿಲಿಮೀಟರಿನ ಐದನೆಯ ಒಂದು ಭಾಗ. ಬರಿಗಣ್ಣಿಗೆ ಅದು ಹರಳಲ್ಲ, ಮಖಮಲ್ಲಿನ ನಯ. ಮಸೂರದಲ್ಲಿ ನೋಡಿದರೆ ಒಂದೊಂದು ಹರಳೂ ಪೂರ್ಣ ಗೋಲ; ತಾನು ಕೂತ ತಗಡನ್ನು ಒಂದು ಬಿಂದುವಿನಲ್ಲಷ್ಟೇ ಮುಟ್ಟಿ ನಿಂತಿದೆ. ಸಾಮಾನ್ಯ ಬೆಸುಗೆಯಾಗಿದ್ದರೆ ಕರಗಿದ ಲೋಹ ಹರಳುಗಳ ನಡುವಿನ ಸಂದುಗಳಿಗೆಲ್ಲ ನುಗ್ಗಿ, ಮಳೆಗಾಲದ ಗದ್ದೆಯಂತೆ ಎಲ್ಲವನ್ನೂ ಮುಳುಗಿಸಿಬಿಡುತ್ತಿತ್ತು.

ರೋಮಿನ ಅಕ್ಕಸಾಲಿ ಮನೆತನವೊಂದು ಈ ಒಗಟಿಗೆ ತನ್ನ ಆಯುಷ್ಯವನ್ನೇ ತೆತ್ತಿತು. ಫೊರ್ತುನಾತೊ ಪಿಯೊ ಕಾಸ್ತೆಲ್ಲಾನಿ ಮತ್ತು ಅವನ ಮಕ್ಕಳಾದ ಅಲೆಸ್ಸಾಂದ್ರೊ, ಅಗುಸ್ತೊ ಎಂಬವರು ಪ್ರಾಚೀನ ಒಡವೆಗಳನ್ನು ಮತ್ತೆ ಮಾಡಿ ತೋರಿಸುವ ಪಣ ತೊಟ್ಟರು. ಹಳ್ಳಿಗಾಡಿನಲ್ಲಿ ಯಾರ ಕೈಯಲ್ಲಾದರೂ ಹಳೆಯ ವಿದ್ಯೆ ಉಳಿದಿರಬಹುದೆಂದು ಊಹಿಸಿ ಹುಡುಕಿದಾಗ, ಸಾಂತಾಂಜೆಲೊ ಇನ್ ವಾದೊ ಎಂಬ ಗುಡ್ಡಗಾಡಿನ ಊರಿನಲ್ಲಿ ರೈತ ಹೆಂಗಸರಿಗೆ ಒಡವೆ ಮಾಡುತ್ತಿದ್ದ ಕಸುಬುದಾರರು ಸಿಕ್ಕರು. ಅವರನ್ನು ರೋಮಿಗೆ ಕರೆತಂದು ಕೆಲಸಕ್ಕೆ ಕೂರಿಸಿದರು. ಬಿಳಿಗಾರದ ಬದಲು ಆರ್ಸೆನಿಕ್ಕಿನ ಲವಣಗಳನ್ನು ಬಳಸಿದರು. ಬೆಸುಗೆಯನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದರು. ಅವರ ಒಡವೆಗಳು ಯುರೋಪನ್ನೆಲ್ಲ ಬೆರಗುಗೊಳಿಸಿದವು. ಆದರೂ ಎಟ್ರಸ್ಕನ್ನರ ಅತಿ ನುಣುಪಾದ ಹರಳಿನ ಕೆಲಸ ಕೈಗೆ ಸಿಗಲಿಲ್ಲವೆಂದು ಅಲೆಸ್ಸಾಂದ್ರೊ ತಾನೇ ಒಪ್ಪಿಕೊಂಡ. ಗೆದ್ದವರು ಬರೆದ ಇತಿಹಾಸಗಳ ನಡುವೆ, ಸೋತೆವೆಂದು ಬರೆದಿಟ್ಟ ಈ ಅಕ್ಕಸಾಲಿಯ ಬಗ್ಗೆ ನಮಗೆ ವಿಶೇಷ ಗೌರವ. ಆರ್ಸೆನಿಕ್ಕಿನ ಹೊಗೆಯ ಮುಂದೆ ಕುಳಿತಿದ್ದ ಹಳ್ಳಿಯ ಕಸುಬುದಾರರ ನೆನಪೂ ಅದರ ಜೊತೆಗೇ ಬರುತ್ತದೆ.

ಒಗಟಿನ ಕೀಲಿ ಅರ್ಧದಷ್ಟು ಇಂಗ್ಲೆಂಡಿನಲ್ಲಿ ಆಗಲೇ ಸಿಕ್ಕಿತ್ತು. ಸಿಕ್ಕಿದ್ದು ಕೀಲಿಯೆಂದು ಯಾರಿಗೂ ತಿಳಿದಿರಲಿಲ್ಲ. 1743ರ ಸುಮಾರಿಗೆ ಶೆಫೀಲ್ಡಿನ ಚಾಕು ತಯಾರಕ ಥಾಮಸ್ ಬೋಲ್ಸೋವರ್ ತಾಮ್ರ ಮತ್ತು ಬೆಳ್ಳಿಗಳು ಒತ್ತಿಕೊಂಡು ಕಾದಾಗ ಒಂದಕ್ಕೊಂದು ಗಟ್ಟಿಯಾಗಿ ಅಂಟುವುದನ್ನು ಕಂಡ. ಬೆಳ್ಳಿ ಕರಗುವುದು 961 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085ರಲ್ಲಿ. ಎರಡೂ ಮುಟ್ಟಿಕೊಂಡ ಗಡಿಯಲ್ಲಿ ಮಾತ್ರ 780ರ ಆಸುಪಾಸಿನಲ್ಲೇ ತೆಳುವಾದ ದ್ರವದ ಪದರವೊಂದು ಹುಟ್ಟುತ್ತದೆ. ತಾಮ್ರದ ದಪ್ಪ ಹಲಗೆಗೆ ಬೆಳ್ಳಿಯ ತಗಡನ್ನು ಹೀಗೆ ಬೆಸೆದು, ಎರಡನ್ನೂ ಒಟ್ಟಿಗೆ ತಟ್ಟಿ ತೆಳುಮಾಡಿದರೆ, ಹೊರಗೆ ಬೆಳ್ಳಿ ಒಳಗೆ ತಾಮ್ರವಿರುವ ತಗಡು ಸಿದ್ಧ. ಚಹಾಪಾತ್ರೆಗಳೂ ದೀಪಸ್ತಂಭಗಳೂ ಅದರಿಂದ ಆದವು. 1840ರಲ್ಲಿ ವಿದ್ಯುತ್ ಲೇಪನದ ಪೇಟೆಂಟ್ ಬಂದ ಮೇಲೆ ಶೆಫೀಲ್ಡಿನ ಈ ಕಸುಬು ಬಹುಬೇಗ ಅಳಿಯಿತು.

ಇಂಥ ಜೋಡಿಗಳಿಗೆ ಹೆಸರಿಟ್ಟವನು ಲಂಡನ್ನಿನ ಭೌತವಿಜ್ಞಾನಿ ಫ್ರೆಡರಿಕ್ ಗಥ್ರಿ. ಎರಡು ವಸ್ತುಗಳ ಒಂದು ನಿರ್ದಿಷ್ಟ ಪ್ರಮಾಣದ ಬೆರಕೆ ಮಿಕ್ಕೆಲ್ಲ ಪ್ರಮಾಣಗಳಿಗಿಂತ ಕಡಿಮೆ ಶಾಖದಲ್ಲಿ ಕರಗುವುದನ್ನು ಕಂಡು, 1884ರಲ್ಲಿ ಅದಕ್ಕೆ ಗ್ರೀಕ್ ಮೂಲದ ಯೂಟೆಕ್ಟಿಕ್ ಎಂಬ ಹೆಸರು ಕೊಟ್ಟ. ಸುಲಭವಾಗಿ ಕರಗುವುದು ಎಂದು ಅದರ ಅರ್ಥ. ಈ ಗಥ್ರಿ ಫ್ರೆಡರಿಕ್ ಸೆರ್ನಿ ಎಂಬ ಗುಪ್ತನಾಮದಲ್ಲಿ ದೀರ್ಘ ಕವನಗಳನ್ನೂ ಬರೆದವನು. ನಮ್ಮ ಸಾಹಿತ್ಯ ಬಳಗದ ಗೆಳೆಯರಿಗೆ ಈ ಸಂಗತಿ ಖುಷಿ ಕೊಟ್ಟೀತು.

ಇನ್ನರ್ಧ ಕೀಲಿಯನ್ನು ಕಂಡವನು ಒಬ್ಬ ಸರ್ಕಾರಿ ನೌಕರ. ವಿಲಿಯಂ ಚಾಂಡ್ಲರ್ ರಾಬರ್ಟ್ಸ್-ಆಸ್ಟಿನ್ ಬ್ರಿಟನ್ನಿನ ರಾಜ ಟಂಕಸಾಲೆಯಲ್ಲಿ ರಸಾಯನಜ್ಞನಾಗಿದ್ದ. ನಾಣ್ಯಗಳ ಚಿನ್ನ ಸರಿಯಿದೆಯೇ ಎಂದು ಪರೀಕ್ಷಿಸುವುದು ಅವನ ದಿನದ ಕೆಲಸ. ಘನ ಲೋಹವೊಂದು ಇನ್ನೊಂದು ಘನ ಲೋಹದೊಳಗೆ ತಾನಾಗಿ ಸಂಚರಿಸಬಲ್ಲದೇ ಎಂಬ ಪ್ರಶ್ನೆ ಅವನನ್ನು ಕಾಡಿತು. ಸೀಸದ ಕಂಬದ ಬುಡಕ್ಕೆ ಚಿನ್ನವನ್ನು ಅಂಟಿಸಿ, ಸೀಸ ಕರಗುವ 327 ಡಿಗ್ರಿಗಿಂತ ಎಷ್ಟೋ ಕೆಳಗಿನ ಶಾಖದಲ್ಲಿ ದಿನಗಟ್ಟಲೆ ಇಟ್ಟ. ಆಮೇಲೆ ಕಂಬವನ್ನು ಹೋಳುಹೋಳಾಗಿ ಕೊಯ್ದು ನೋಡಿದರೆ, ಬುಡದ ಚಿನ್ನ ಮೇಲಿನ ಹೋಳುಗಳಿಗೂ ಏರಿತ್ತು. ಗಟ್ಟಿ ಲೋಹದೊಳಗೆ ಯಾರ ಕಣ್ಣಿಗೂ ಬೀಳದೆ ನಡೆದ ಈ ಯಾತ್ರೆಯನ್ನು 1896ರಲ್ಲಿ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ ಅವನು ವಿವರಿಸಿದ. ಇದಕ್ಕೇ ವಿಸರಣ ಎಂದು ಹೆಸರು. ಉಕ್ಕಿನ ಒಂದು ರೂಪಕ್ಕೆ ಆಸ್ಟಿನೈಟ್ ಎಂಬ ಹೆಸರು ಬಂದದ್ದು ಇವನಿಂದಲೇ.

ಈಗ ಎಟ್ರಸ್ಕನ್ ಒಗಟಿಗೆ ಮರಳೋಣ. 1933ರಲ್ಲಿ ಎಚ್.ಎ.ಪಿ. ಲಿಟ್ಲ್‌ಡೇಲ್ ಎಂಬ ಇಂಗ್ಲಿಷ್ ವ್ಯಕ್ತಿ ಬೆಸುಗೆಯ ಹೊಸ ವಿಧಾನವೊಂದಕ್ಕೆ ಪೇಟೆಂಟ್ ಕೋರಿದ. ಅದು ಹೊಸತಲ್ಲ, ಅತಿ ಹಳೆಯದಿರಬೇಕು ಎಂಬುದೂ ಅವನ ವಾದವಾಗಿತ್ತು. ಅವನ ವಿಧಾನದಲ್ಲಿ ಬೆಸುಗೆಲೋಹವೇ ಇಲ್ಲ. ತಾಮ್ರದ ಲವಣವನ್ನು ಅರೆದು ಅಂಟಿನಲ್ಲಿ ಕಲಸಿ, ಆ ಅಂಟಿನಿಂದ ಹರಳುಗಳನ್ನು ಚಿನ್ನದ ತಗಡಿನ ಮೇಲೆ ಕೂರಿಸುತ್ತಾರೆ. ಕಾಯಿಸುತ್ತ ಹೋದಂತೆ 100 ಡಿಗ್ರಿಯ ಸುಮಾರಿಗೆ ಲವಣ ತಾಮ್ರದ ಆಕ್ಸೈಡ್ ಆಗುತ್ತದೆ. 600ರ ಹೊತ್ತಿಗೆ ಅಂಟು ಸುಟ್ಟು ಇದ್ದಿಲಾಗುತ್ತದೆ. 850ರಲ್ಲಿ ಆ ಇದ್ದಿಲು ಆಕ್ಸೈಡಿನ ಆಮ್ಲಜನಕವನ್ನು ಎಳೆದುಕೊಂಡು ಅನಿಲವಾಗಿ ಹೊರಟುಹೋಗುತ್ತದೆ. ಉಳಿಯುವುದು ಹರಳು ತಗಡನ್ನು ಮುಟ್ಟಿದ ಬಿಂದುವಿನಲ್ಲಿ ಕಣ್ಣಿಗೆ ಕಾಣದಷ್ಟು ತಾಮ್ರ. ಚಿನ್ನ ಕರಗಲು 1064 ಡಿಗ್ರಿ ಬೇಕು, ತಾಮ್ರಕ್ಕೆ ಇನ್ನೂ ಹೆಚ್ಚು. ಇವೆರಡು ಒಂದರೊಳಗೊಂದು ಬೆರೆತ ಜಾಗ ಮಾತ್ರ 900ರ ಆಸುಪಾಸಿನಲ್ಲೇ ಕರಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಯೂಟೆಕ್ಟಿಕ್ ಅಲ್ಲ, ಆದರೆ ಉಪಕಾರ ಅದೇ. ಹರಳು ಕರಗುವುದಿಲ್ಲ, ತಗಡು ಕರಗುವುದಿಲ್ಲ. ಮುಟ್ಟಿದ ಬಿಂದುವಷ್ಟೇ ಒಂದು ಕ್ಷಣ ದ್ರವವಾಗಿ ಬೆಸೆದುಕೊಳ್ಳುತ್ತದೆ. ಆಮೇಲೆ ತಾಮ್ರ ಸುತ್ತಲಿನ ಚಿನ್ನದೊಳಗೆ ವಿಸರಿಸಿ ಹಂಚಿಹೋಗುತ್ತದೆ. ಸಂದು ತುಂಬಲು ಹೆಚ್ಚುವರಿ ದ್ರವವೇ ಇಲ್ಲ. ಹಾಗಾಗಿ ಹರಳುಗಳು ಮುಳುಗುವುದಿಲ್ಲ.

ವಿಶೇಷವೆಂದರೆ ಉತ್ತರ ಎರಡು ಸಾವಿರ ವರ್ಷಗಳಿಂದ ಪುಸ್ತಕದಲ್ಲೇ ಇತ್ತು. ವೆಸುವಿಯಸ್ ಸಿಡಿದ 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ತನ್ನ ವಿಶ್ವಕೋಶದ ಮೂವತ್ತಮೂರನೆಯ ಸಂಪುಟದಲ್ಲಿ ಅಕ್ಕಸಾಲಿಗರು ಚಿನ್ನ ಬೆಸೆಯಲು ಬಳಸುವ ಒಂದು ಪಾಕವನ್ನು ವರ್ಣಿಸಿದ್ದಾನೆ. ಸೈಪ್ರಸ್ಸಿನ ತಾಮ್ರದ ಕಿಲುಬು, ಎಳೆಯ ಹುಡುಗನ ಮೂತ್ರ ಮತ್ತು ಸೋಡಾದಂಥ ಕ್ಷಾರವೊಂದನ್ನು ತಾಮ್ರದ ಕಲುಬತ್ತಿನಲ್ಲಿ ಅರೆಯಬೇಕಂತೆ. ಅದರ ಗ್ರೀಕ್ ಹೆಸರು ಕ್ರಿಸೊಕೊಲ್ಲ, ಅಂದರೆ ಚಿನ್ನದ ಅಂಟು. ಲೋಹವಿಲ್ಲದ ಕಿಲುಬು ಲೋಹವನ್ನು ಹೇಗೆ ಬೆಸೆದೀತು ಎಂಬುದು ಓದಿದವರಿಗೆ ಅರ್ಥವಾಗಿರಲಿಲ್ಲ, ಅಷ್ಟೇ. ಪ್ರಾಚೀನರ ಹರಳುಕೆಲಸವೆಲ್ಲ ಇದೊಂದೇ ವಿಧಾನದಿಂದ ಆದದ್ದೆಂದು ಹೇಳಲಾಗದು. ತಾಮ್ರವಿಲ್ಲದೆ ಬೆಸೆದ ಒಡವೆಗಳೂ ಇವೆ. ಆದರೆ ತಾಮ್ರದ ಲವಣದ ದಾರಿ ನಿಜವಾದ ದಾರಿ ಎಂಬುದನ್ನು ಲಿಟ್ಲ್‌ಡೇಲನ ಅನಂತರದ ಅಕ್ಕಸಾಲಿಗರು ಕೈಯಾರೆ ಮಾಡಿ ತೋರಿಸಿದ್ದಾರೆ.

ಇಲ್ಲಿಂದ ಕಥೆ ಆಕಾಶಕ್ಕೆ ಏರುತ್ತದೆ. 1960ರ ದಶಕದಲ್ಲಿ ವಿಮಾನ ಮತ್ತು ರಾಕೆಟ್ ಕಟ್ಟುವವರಿಗೆ ಅಲ್ಯೂಮಿನಿಯಂನಷ್ಟು ಹಗುರವಾಗಿದ್ದು ಉಕ್ಕಿಗಿಂತ ಬಿಗಿಯಾದ ವಸ್ತು ಬೇಕಾಗಿತ್ತು. ಅಂಥ ಏಕಲೋಹ ಸಿಗದಿದ್ದಾಗ ಎರಡನ್ನು ಸೇರಿಸುವ ಹಾದಿ ಹಿಡಿದರು. ಮನೆಯ ತಾರಸಿಯಲ್ಲಿ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಹುದುಗಿರುವಂತೆ, ಲೋಹದೊಳಗೆ ಬೇರೊಂದು ವಸ್ತುವಿನ ನಾರುಗಳನ್ನೋ ಕಣಗಳನ್ನೋ ಹುದುಗಿಸಿದರೆ ಅದು ಲೋಹಮಾತೃಕೆಯ ಸಂಯುಕ್ತ. ಮಾತೃಕೆ ಎಂದರೆ ಇಲ್ಲಿ ಹೊತ್ತು ಹಿಡಿದಿರುವ ಲೋಹ. ಅವುಗಳಲ್ಲಿ ಮೊದಲು ಹೆಸರು ಮಾಡಿದ್ದು ಬೋರಾನ್-ಅಲ್ಯೂಮಿನಿಯಂ. ಕೂದಲೆಳೆಗಿಂತ ಎಷ್ಟೋ ತೆಳುವಾದ ಟಂಗ್‌ಸ್ಟನ್ ತಂತಿಯನ್ನು ಕೆಂಪಗೆ ಕಾಯಿಸಿ, ಬೋರಾನ್ ಅನಿಲವನ್ನು ಅದರ ಮೇಲೆ ಹಾಯಿಸಿದರೆ ಬೋರಾನ್ ಪದರಪದರವಾಗಿ ಕೂತು ನಾರಾಗುತ್ತದೆ. ಈ ನಾರು ಉಕ್ಕಿನ ಎರಡರಷ್ಟು ಬಿಗಿ, ಉಕ್ಕಿನ ಮೂರನೆಯ ಒಂದು ಭಾಗದಷ್ಟು ಭಾರ.

ಈ ಬೋರಾನ್ ನಮ್ಮ ಅಕ್ಕಸಾಲಿಗರಿಗೆ ಅಪರಿಚಿತವಲ್ಲ. ಬೆಸುಗೆಯ ಜಾಗವನ್ನು ಶುದ್ಧಗೊಳಿಸಲು ಅವರು ಹಚ್ಚುವ ಬಿಳಿಗಾರ ಬೋರಾನಿನ ಲವಣವೇ. ಸಂಸ್ಕೃತದಲ್ಲಿ ಅದು ಟಂಕಣ. ಯುರೋಪಿನ ವರ್ತಕರ ಬಾಯಲ್ಲಿ ಆ ಶಬ್ದವೇ ಟಿಂಕಲ್ ಆಯಿತು. ಟಿಬೆಟ್ಟಿನ ಸರೋವರಗಳಿಂದ ಕುರಿಗಳ ಬೆನ್ನ ಮೇಲೆ ಹಿಮಾಲಯದ ಕಣಿವೆಗಳನ್ನು ದಾಟಿ ಬಂದ ಬಿಳಿಗಾರ ಭಾರತದ ಮಾರುಕಟ್ಟೆಗಳ ಮೂಲಕ ದೂರದ ವೆನಿಸ್ಸಿನವರೆಗೂ ಹೋಗುತ್ತಿತ್ತು. ಅದೇ ಮೂಲವಸ್ತು ಈಗ ನೂಲಾಗಿ ಬಾಹ್ಯಾಕಾಶ ನೌಕೆಯ ಎಲುಬಿಗೆ ಸೇರಿತು. ಅಮೆರಿಕದ ಸ್ಪೇಸ್ ಶಟಲ್‌ಗಳ ನಡುಮೈಯಲ್ಲಿ ಚೌಕಟ್ಟುಗಳನ್ನು ಹಿಡಿದಿಡುವ 240ಕ್ಕೂ ಹೆಚ್ಚು ಕೊಳವೆಗಳು ಬೋರಾನ್-ಅಲ್ಯೂಮಿನಿಯಂನವು, ಅವುಗಳ ತುದಿಗೆ ಟೈಟಾನಿಯಂನ ಜೋಡುತುಂಡುಗಳು. ಬರೀ ಅಲ್ಯೂಮಿನಿಯಂ ಬಳಸಿದ್ದರೆ ಆಗುತ್ತಿದ್ದ ತೂಕಕ್ಕಿಂತ ಸುಮಾರು 140 ಕಿಲೋಗ್ರಾಂ ಉಳಿತಾಯವಾಯಿತು. 1981ರ ಏಪ್ರಿಲ್ 12ರಂದು ಕೊಲಂಬಿಯಾ ನೌಕೆ ಮೊದಲ ಬಾರಿ ಮೇಲೇರಿತು.

ವಸ್ತು ಸಿದ್ಧವಾದರೆ ಸಾಲದು, ಅದನ್ನು ಬೆಸೆಯಬೇಕು. ಇಲ್ಲಿ ಹಳೆಯ ಬಿಕ್ಕಟ್ಟು ಹೊಸ ವೇಷದಲ್ಲಿ ಎದುರಾಯಿತು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಕರಗಿಸಿ ಬೆಸೆಯಹೊರಟರೆ, ದ್ರವ ಅಲ್ಯೂಮಿನಿಯಂ ಬೋರಾನ್ ನಾರನ್ನು ಕಚ್ಚಿ ತಿಂದು ಪೆಡಸಾದ ಹೊಸ ಸಂಯುಕ್ತವನ್ನುಂಟುಮಾಡುತ್ತದೆ. ಇಂಗಾಲದ ನಾರನ್ನೋ ಸಿಲಿಕಾನ್ ಕಾರ್ಬೈಡಿನ ಕಣವನ್ನೋ ಹುದುಗಿಸಿದ್ದರೆ ಹುಟ್ಟುವ ಅಲ್ಯೂಮಿನಿಯಂ ಕಾರ್ಬೈಡ್ ನೀರಿನ ತೇವ ತಗುಲಿದರೂ ಹಾಳಾಗುವಂಥದ್ದು. ಒಟ್ಟಿನಲ್ಲಿ ಕರಗಿದ ಜಾಗದಲ್ಲಿ ಅದು ಸಂಯುಕ್ತವಾಗಿ ಉಳಿಯುವುದೇ ಇಲ್ಲ. ತೂತು ಕೊರೆದು ಮೊಳೆ ಹೊಡೆಯೋಣವೆಂದರೆ ಬೋರಾನ್ ವಜ್ರಕ್ಕಷ್ಟೇ ಜಗ್ಗುತ್ತದೆ. ಕೊರೆದ ಕಡೆಯೆಲ್ಲ ನಾರು ತುಂಡಾಗುತ್ತದೆ. ಒತ್ತಡ ಹಾಕಿ ಘನಸ್ಥಿತಿಯಲ್ಲೇ ಕೂಡಿಸೋಣವೆಂದರೆ ಅಲ್ಯೂಮಿನಿಯಂನ ಮೈಮೇಲೆ ಸದಾ ಆಕ್ಸೈಡಿನ ತೆಳುಪೊರೆಯೊಂದು ಇರುತ್ತದೆ. ಅದು ಕರಗಲು ಎರಡು ಸಾವಿರ ಡಿಗ್ರಿಗೂ ಹೆಚ್ಚು ಬೇಕು. ಅದನ್ನು ಬರೀ ಒತ್ತಡದಿಂದ ಒಡೆಯಹೋದರೆ ನಾರುಗಳೇ ಮುರಿದಾವು.

ಆಗ ಇಂಜಿನಿಯರುಗಳು ನಡುವೆ ಕರೆದದ್ದು ತಾಮ್ರವನ್ನು. ಮೆಕ್‌ಡೊನೆಲ್ ಡಗ್ಲಸ್ ಸಂಸ್ಥೆಯವರು 1970ರ ದಶಕದ ಮೊದಲ ಭಾಗದಲ್ಲಿ ಬೋರಾನ್-ಅಲ್ಯೂಮಿನಿಯಂ ತಗಡುಗಳ ಮೈಗೆ ತಾಮ್ರದ ಅತಿ ತೆಳುವಾದ ಲೇಪ ಕೊಟ್ಟು, ಒಂದರ ಮೇಲೊಂದಿಟ್ಟು, 550 ಡಿಗ್ರಿಯ ಆಸುಪಾಸಿನಲ್ಲಿ ಬೆಸೆದರು. ತಾಮ್ರ ಮತ್ತು ಅಲ್ಯೂಮಿನಿಯಂಗಳ ಯೂಟೆಕ್ಟಿಕ್ ಬೆರಕೆ 548 ಡಿಗ್ರಿಗೇ ಕರಗುತ್ತದೆ. ಆ ಕ್ಷಣ ಸಂದಿನಲ್ಲಿ ತೆಳುವಾದ ದ್ರವ ಹುಟ್ಟಿ, ಆಕ್ಸೈಡ್ ಪೊರೆಯ ಬಿರುಕುಗಳಲ್ಲಿ ನುಸುಳಿ ಅದನ್ನು ಅಡಿಯಿಂದ ಎಬ್ಬಿಸುತ್ತದೆ. ಸಣ್ಣ ಒತ್ತಡವೂ ಸಾಕಾಗುತ್ತದೆ, ನಾರು ಉಳಿಯುತ್ತದೆ. ಆ ಇಂಜಿನಿಯರುಗಳು ಎಟ್ರಸ್ಕನ್ನರನ್ನು ನೆನೆದು ಇದನ್ನು ಮಾಡಿದರೆಂದು ನಾವು ಹೇಳುತ್ತಿಲ್ಲ. ಲೋಹಗಳ ಸ್ವಭಾವ ಒಂದೇ ಆದ್ದರಿಂದ, ಅದನ್ನು ತಾಳ್ಮೆಯಿಂದ ಗಮನಿಸಿದವರು ಒಂದೇ ಬಾಗಿಲಿಗೆ ಬಂದರು.

ಇದರ ಮುಂದಿನ ಹಂತವೇ ಡಿಫ್ಯೂಷನ್ ಬ್ರೇಜಿಂಗ್, ನಮ್ಮ ಮಾತಿನಲ್ಲಿ ವಿಸರಣ ಬೆಸುಗೆ. ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಭಾಗವಿದು. ಸಾಮಾನ್ಯ ಬೆಸುಗೆ ಗಟ್ಟಿಯಾಗುವುದು ತಣ್ಣಗಾದಾಗ. ಈ ಬೆಸುಗೆ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಕುಲುಮೆಯ ಶಾಖವನ್ನು ಇಳಿಸದೆ ಹಾಗೆಯೇ ಕಾಯ್ದರೆ, ದ್ರವದೊಳಗಿನ ತಾಮ್ರ ಎರಡೂ ಬದಿಯ ಅಲ್ಯೂಮಿನಿಯಂನೊಳಕ್ಕೆ ಮೆಲ್ಲಮೆಲ್ಲನೆ ಇಂಗುತ್ತದೆ. ತಾಮ್ರ ಕಡಿಮೆಯಾದಂತೆ ದ್ರವದ ಅಂಚುಗಳು ಆ ಶಾಖದಲ್ಲಿ ಕರಗಿರಲಾರದೆ ಘನವಾಗುತ್ತ ನಡುವಿಗೆ ಸರಿಯುತ್ತವೆ. ಕೊನೆಗೆ ದ್ರವವೇ ಇಲ್ಲವಾಗುತ್ತದೆ. ಮತ್ತೂ ಕಾಯ್ದರೆ ಬೆಸುಗೆಯ ಗೆರೆಯೂ ಮಾಸುತ್ತದೆ. ಹೀಗೆ ಆದ ಜೋಡಣೆಯನ್ನು ಮತ್ತೆ ಅದೇ ಶಾಖಕ್ಕೆ ಒಡ್ಡಿದರೆ ಅದು ಬಿಡುವುದಿಲ್ಲ. ಅದನ್ನು ಕರಗಿಸಿದ್ದ ಮೂರನೆಯ ಲೋಹ ಈಗ ಅಲ್ಲಿಲ್ಲ. ಜೆಟ್ ಎಂಜಿನ್ನಿನ ನಿಕ್ಕಲ್ ಮಿಶ್ರಲೋಹಗಳಿಗೆ ಇದೇ ತತ್ತ್ವವನ್ನು ಅಳವಡಿಸಿ, ಪ್ರಾಟ್ ಅಂಡ್ ವಿಟ್ನಿಯ ಡುವಾಲ್, ಒವ್‌ಝಾರ್ಸ್ಕಿ ಮತ್ತು ಪೌಲೋನಿಸ್ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಕರಗಿಸಿ ಮರೆಯಾಗುವ ಮಧ್ಯಸ್ಥ ಬೋರಾನ್! ಒಂದೆಡೆ ಕೊನೆಯವರೆಗೂ ಅಲುಗದೆ ಉಳಿಯಬೇಕಾದ ನಾರು ಅದು, ಇನ್ನೊಂದೆಡೆ ಕೆಲಸ ಮುಗಿಸಿ ಹೊರಟುಹೋಗಬೇಕಾದ ಅತಿಥಿ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. 1980ರ ದಶಕದ ಹೊತ್ತಿಗೆ ದುಬಾರಿ ನಾರುಗಳ ಜಾಗದಲ್ಲಿ ಸಿಲಿಕಾನ್ ಕಾರ್ಬೈಡಿನಂಥ ಅಗ್ಗದ ಕಣಗಳನ್ನು ಬೆರೆಸಿದ ಅಲ್ಯೂಮಿನಿಯಂ ಮುಂದೆ ಬಂತು. ತಾಮ್ರದ ಹಾಳೆಯಿಟ್ಟು ಇದನ್ನು ಬೆಸೆದಾಗ ಹೊಸ ತೊಂದರೆ ಕಾಣಿಸಿತು. ದ್ರವ ಎರಡೂ ಬದಿಯಿಂದ ನಿಧಾನವಾಗಿ ಗಟ್ಟಿಯಾಗುತ್ತ ಬರುವಾಗ, ಆ ಗಡಿ ತನ್ನ ಮುಂದಿನ ಕಣಗಳನ್ನು ನಡುವಿಗೆ ತಳ್ಳುತ್ತದೆ. ಜಾತ್ರೆಯಲ್ಲಿ ಎರಡು ಕಡೆಯಿಂದ ಹಗ್ಗ ಹಿಡಿದು ಜನರನ್ನು ದೂಡಿದಂತೆ ಕಣಗಳೆಲ್ಲ ನಡುಗೆರೆಯಲ್ಲಿ ಕಿಕ್ಕಿರಿಯುತ್ತವೆ. ಅಲ್ಲಿ ಹಿಡಿದಿಡುವ ಲೋಹ ಕಡಿಮೆ, ಹಿಡಿಸಿಕೊಳ್ಳಬೇಕಾದ ಕಣ ಹೆಚ್ಚು. ಎಳೆದರೆ ಹರಿಯುವುದು ಅಲ್ಲೇ. ಮಧ್ಯದ ಹಾಳೆಯನ್ನು ಇನ್ನೂ ತೆಳುಮಾಡುವುದು, ಸ್ವಲ್ಪ ಒತ್ತಡ ಹಾಕಿ ಹೆಚ್ಚುವರಿ ದ್ರವವನ್ನು ಹಿಂಡಿ ತೆಗೆಯುವುದು, ಹೀಗೆ ಪರಿಹಾರಗಳು ಬಂದವು. ಮಧ್ಯಸ್ಥ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದೆಂಬ ಹರಳುಕೆಲಸದವರ ಅರಿವೇ ಇಲ್ಲೂ ಸಾಬೀತಾಯಿತು.

ಈ ಸಂಯುಕ್ತಗಳ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಸ್ಥಾನವಿದೆ. ಕರಗಿದ ಅಲ್ಯೂಮಿನಿಯಂಗೆ ಕಣಗಳನ್ನು ಕಲಕಿ ಎರಕ ಹೊಯ್ಯುವ ಸರಳ ದಾರಿಯನ್ನು ಎಂ.ಕೆ. ಸೂರಪ್ಪ ಮತ್ತು ಪಿ.ಕೆ. ರೋಹಟ್ಗಿ ಅಧ್ಯಯನ ಮಾಡಿದರು, 1981ರಲ್ಲಿ ಅವರು ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಅದಕ್ಕೂ ಮೊದಲು, 70ರ ದಶಕದ ಕೊನೆಯಲ್ಲಿ, ಗ್ರಾಫೈಟ್ ಕಣಗಳು ಅಲ್ಯೂಮಿನಿಯಂನೊಳಗೆ ಸೇರಲೊಲ್ಲದೆ ತೇಲುವಾಗ ಅವರು ಕಣಗಳಿಗೆ ಲೇಪ ಕೊಟ್ಟು ಸೇರಿಸಿದರು. ಆ ಲೇಪ ತಾಮ್ರದ್ದೇ ಎಂದು ಓದಿದಾಗ ನಮಗೆ ಹಳೆಯ ನೆಂಟರೊಬ್ಬರು ಪರಊರಿನಲ್ಲಿ ಸಿಕ್ಕಂತಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪಾಠ ಹೇಳಿದ ಸೂರಪ್ಪನವರು ಮುಂದೆ ಪಂಜಾಬಿನ ರೋಪರ್ ಐಐಟಿಯ ನಿರ್ದೇಶಕರೂ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ನಮ್ಮ ಹಾಗೆ ಹೊರನಾಡ ಕನ್ನಡಿಗರಾದರು.

ಇನ್ನು ಕರೋಲ್ ಬಾಗಿಗೆ ಮರಳಬೇಕು. ಕೆಡಿಎಂ ಎಂಬುದು ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನಿಂದ ಬಂದದ್ದು. ನೂರಕ್ಕೆ 92 ಪಾಲು ಚಿನ್ನ, 8 ಪಾಲು ಕ್ಯಾಡ್ಮಿಯಂ. ಬೆಸುಗೆಯೇ 22 ಕ್ಯಾರೆಟ್ಟಿನದಾದ್ದರಿಂದ ಒಡವೆಯನ್ನು ಕರಗಿಸಿದರೂ ಚಿನ್ನದ ಅಪ್ಪಟತೆ ಕುಗ್ಗದು. ಒಂದು ಕಾಲಕ್ಕೆ ಒಡವೆ ಅಂಗಡಿಗಳ ಫಲಕಗಳಲ್ಲಿ ಈ ಮೂರು ಅಕ್ಷರ ಪ್ರಾಮಾಣಿಕತೆಯ ಮುದ್ರೆಯಂತೆ ಹೊಳೆಯುತ್ತಿತ್ತು. ಅಕ್ಕನ ಚಿನ್ನದ ಗಾದೆಗೆ ಕೊನೆಗೂ ಉತ್ತರ ಸಿಕ್ಕಿತೆಂದು ಕೊಳ್ಳುವವರು ಸಂತೋಷಪಟ್ಟರು. ನಾವೂ ಪಟ್ಟೆವು.

ಆದರೆ ಕ್ಯಾಡ್ಮಿಯಂ 321 ಡಿಗ್ರಿಯಲ್ಲಿ ಕರಗಿ 767ರಲ್ಲಿ ಕುದಿಯುತ್ತದೆ. ಅಕ್ಕಸಾಲಿಗರ ಊದುಗೊಳವೆಯ ಜ್ವಾಲೆ ಅದಕ್ಕಿಂತ ಬಿಸಿ. ಕರಗಿಸಿ ಮರೆಯಾಗುವ ಮೂರನೆಯ ಲೋಹವೇ ಇದೂ. ಆದರೆ ಇದರಲ್ಲಿ ಒಂದು ಪಾಲು ಚಿನ್ನದೊಳಗೆ ಇಂಗುವ ಬದಲು ಆವಿಯಾಗಿ ಮೇಲೇಳುತ್ತದೆ, ಗಾಳಿ ತಗುಲಿ ಕಂದುಹೊಗೆಯಾಗುತ್ತದೆ, ಕೆಲಸಕ್ಕೆ ಬಗ್ಗಿ ಕುಳಿತವರ ಉಸಿರಿಗೆ ಸೇರುತ್ತದೆ. ಶ್ವಾಸಕೋಶಕ್ಕೆ ಹಾನಿ ಮಾಡಿ, ಮೂತ್ರಪಿಂಡಗಳಲ್ಲಿ ದಶಕಗಳ ಕಾಲ ತಂಗಿರುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿ ಅದು ಮೊದಲ ವರ್ಗದಲ್ಲಿದೆ. 2011ರಲ್ಲಿ ಯುರೋಪಿಯನ್ ಒಕ್ಕೂಟ ಒಡವೆಗಳಲ್ಲೂ ಬೆಸುಗೆಲೋಹಗಳಲ್ಲೂ ಅದನ್ನು ನಿರ್ಬಂಧಿಸಿತು. ನಮ್ಮ ಮಾನಕ ಬ್ಯೂರೋ 2000ದಲ್ಲಿ ಚಿನ್ನದ ಹಾಲ್‌ಮಾರ್ಕ್ ಆರಂಭಿಸಿತು, 2021ರ ಜೂನ್‌ನಿಂದ ಅದನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಯಿತು; ಹಾಲ್‌ಮಾರ್ಕ್ ಒಡವೆಗೆ ಕ್ಯಾಡ್ಮಿಯಂ ಬೆಸುಗೆ ಸಲ್ಲದು. ಫಲಕಗಳ ಮೇಲಿನ ಕೆಡಿಎಂ ಮಾಯವಾಗುತ್ತಿದೆ, 916 ಬಂದಿದೆ.

ಚರಿತ್ರೆಯ ಪುಸ್ತಕಗಳು ಎಟ್ರಸ್ಕನ್ ಒಡವೆಯನ್ನು ವರ್ಣಿಸುತ್ತವೆ, ಅದನ್ನು ಮಾಡಿದವರ ಹೆಸರು ಹೇಳಲಾರವು. ಪೇಟೆಂಟಿನಲ್ಲಿ ಲಿಟ್ಲ್‌ಡೇಲನ ಹೆಸರಿದೆ. ಸಾಂತಾಂಜೆಲೊ ಇನ್ ವಾದೊದಿಂದ ಬಂದ ಕಸುಬುದಾರರು ಕಾಸ್ತೆಲ್ಲಾನಿ ಎಂಬ ಮುದ್ರೆಯ ಹಿಂದೆ ಉಳಿದರು. ಬೆಸೆದು ಮರೆಯಾಗುವುದು ಲೋಹಕ್ಕೆ ಗುಣ. ಅದೇ ಗುಣವನ್ನು ಮನುಷ್ಯರಿಂದಲೂ ನಿರೀಕ್ಷಿಸುವ ಅಭ್ಯಾಸ ನಮಗೆ ಆಗಿಬಿಟ್ಟಿದೆ. ಬೆಸುಗೆಯ ಜಾಗ ಕಾಣಬಾರದೆಂದು ಕೊಳ್ಳುವ ನಾವು ಕೇಳುತ್ತೇವೆ, ಚಿನ್ನ ಕಡಿಮೆಯಾಗಬಾರದೆಂದೂ ಕೇಳುತ್ತೇವೆ. ಎರಡನ್ನೂ ಒಟ್ಟಿಗೆ ಕೇಳಿದಾಗ ಆ ಮೂರನೆಯದು ಎಲ್ಲಿಗೆ ಹೋಗಬೇಕೆಂದು ನಾವು ವಿಚಾರಿಸಿರಲಿಲ್ಲ.

ಬುಗುಡಿಯ ಗುಂಡನ್ನು ಅಂದು ನಾವು ಕೆಡಿಎಂನಲ್ಲಿಯೇ ಹಾಕಿಸಿದೆವು. ಚಿನ್ನ ಕಡಿಮೆಯಾಗದಿರಲಿ ಎಂಬ ಒಂದೇ ಲೆಕ್ಕ. ಅದನ್ನು ಬೆಸೆಯುವಾಗ ಆ ವೃದ್ಧರು ಮುಖವನ್ನು ಒಂದು ಬದಿಗೆ ತಿರುಗಿಸಿ ಉಸಿರು ಹಿಡಿದದ್ದು ನೆನಪಿದೆ. ಅದು ಕೈಚಳಕದ ಭಾಗವೆಂದು ಬಗೆದು ಮೆಚ್ಚಿಕೊಂಡಿದ್ದೆವು. ಇದನ್ನೆಲ್ಲ ಓದಿದ ಮೇಲೆ ಕಳೆದ ಚಳಿಗಾಲದಲ್ಲಿ ಆ ಓಣಿಗೆ ಮತ್ತೆ ಹೋದೆವು. ಕೋಣೆಯಲ್ಲಿ ಬೇರೆಯವರಿದ್ದರು, ಮೇಜಿನ ಮೇಲೆ ಲೇಸರ್ ಬೆಸುಗೆಯ ಯಂತ್ರವಿತ್ತು, ಕಿಟಕಿಯಲ್ಲಿ ಹೊಗೆ ಹೊರದೂಡುವ ಪಂಖ ತಿರುಗುತ್ತಿತ್ತು. ಹಿರಿಯರು ಊರಿಗೆ ಹೋಗಿ ಬಹಳ ವರ್ಷವಾಯಿತೆಂದರು. ಯಾವ ಊರು ಎಂದು ಕೇಳಿದೆವು. ಅವರಿಗೂ ಗೊತ್ತಿರಲಿಲ್ಲ. ಬುಗುಡಿಯನ್ನು ತೋರಿಸಿ, ಬೆಸುಗೆ ಹಾಕಿದ ಗುಂಡು ಯಾವುದೆಂದು ಗುರುತಿಸಬಲ್ಲಿರಾ ಎಂದೆವು. ಮಸೂರದಡಿ ಬಹಳ ಹೊತ್ತು ತಿರುಗಿಸಿ ನೋಡಿ, ಆಗುವುದಿಲ್ಲ ಎಂದು ಹಿಂದಕ್ಕೆ ಕೊಟ್ಟರು.